ಗುಂಡಪ್ಪ ಮುಳುಗಿದ ಗಾದಿ

ಕೂಸು ಹುಟ್ಟಿತೆಂದರೆ ನಮ್ಮ ಕಡೆ ಮೊದಲು ಕೇಳುವ ಮಾತು ಹೆಣ್ಣೋ ಗಂಡೋ ಎಂಬುದು. ಎರಡನೆಯ ಮಾತು, ತವರಿನವರು ತೊಟ್ಟಿಲಿಗೆ ಏನು ಹಾಕಿದರು ಎಂಬುದು. ಕೂಸಿಗೆ ನೆಮ್ಮದಿಯ ನಿದ್ದೆ ಹತ್ತಿತೇ ಎಂದು ಕೇಳುವವರು ಕಡಿಮೆ. ತೊಟ್ಟಿಲೊಳಗಿನ ಗಾದಿ ಎಷ್ಟು ದಪ್ಪ ಇದೆ ಎಂದು ಒತ್ತಿ ನೋಡುವವರು ಮಾತ್ರ ಓಣಿ ತುಂಬ ಸಿಗುತ್ತಾರೆ. ಅಕ್ಕಂದಿರೇ, ಈ ರೋಗ ಇವತ್ತಿನದಲ್ಲ. ನಮ್ಮ ಅಜ್ಜಿಯ ಅಜ್ಜಿಯರಿಗೂ ಇತ್ತು. ಅದಕ್ಕೇ ಈ ಕಥೆ ಅಷ್ಟು ಹಿಂದಿನಿಂದ ಶುರುವಾಗುತ್ತದೆ.

ಇಳಕಲ್ಲಿನಲ್ಲಿ ಸಕ್ರವ್ವ ಎಂಬ ಹೆಣ್ಣುಮಗಳಿದ್ದಳು. ವಿಕ್ಟೋರಿಯಾ ರಾಣಿ ತೀರಿಕೊಂಡು, ಅವಳ ಮಗನ ತಲೆ ಇರುವ ರೂಪಾಯಿ ಸಂತೆಗಳಲ್ಲಿ ಓಡಾಡತೊಡಗಿದ್ದ ಕಾಲ. ಸಕ್ರವ್ವನ ಮನೆಯವರು ಬೀರಪ್ಪ ದೇವರ ಒಕ್ಕಲು. ಗಂಡ ಗುರಲಿಂಗಪ್ಪ ಕುರಿ ಸಾಕುತ್ತಿದ್ದ, ಬಿಡುವಾದಾಗ ಕಂಬಳಿ ನೇಯುತ್ತಿದ್ದ. ಮನೆಯಲ್ಲಿ ಉಣ್ಣುವುದಕ್ಕೆ ಕೊರತೆ ಇರಲಿಲ್ಲ. ಮೆರೆಯುವುದಕ್ಕೆ ಮಾತ್ರ ಏನೂ ಇರಲಿಲ್ಲ.

ಒಬ್ಬಳೇ ಮಗಳು ಸತ್ಯವ್ವ. ಅವಳನ್ನು ಹುನಗುಂದದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯಲ್ಲಿ ಮಗಳ ಜೊತೆ ಹಾಸಿಗೆ ಕಳಿಸಬೇಕಲ್ಲ, ಒಂದು ಕಂಬಳಿ ಮತ್ತು ಹಳೆಯ ಸೀರೆಗಳಿಂದ ಹೊಲಿದ ಎರಡು ಕೌದಿ ಕಳಿಸಿದ್ದರು. ಸತ್ಯವ್ವನ ಅತ್ತೆ ರಂಗವ್ವನ ನಾಲಿಗೆ ಸ್ವಲ್ಪ ಚುರುಕು. ಬಂದ ಹೆಂಗಸರ ಮುಂದೆ ಆ ಕೌದಿ ಹಾಸಿ, ಅದರ ಮೇಲೆ ಕೈಯಾಡಿಸಿ ಅವಳು ಅಂದಿದ್ದಳು, "ಇದರ ಮ್ಯಾಲ ಮಲಗಿದ್ರ ನೆಲದಾಗಿನ ಹರಳು ಎಣಸಬಹುದು ನೋಡ್ರಿ."

ಎಲ್ಲರೂ ನಕ್ಕರು. ಸಕ್ರವ್ವನೂ ನಕ್ಕಳು, ಬೀಗರ ಮುಂದೆ ಅಳುವುದಕ್ಕಾಗುತ್ತದೆಯೇ? ಆದರೆ ಆ ನಗೆ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಎಷ್ಟೋ ವರ್ಷ ಬೀರಪ್ಪನಿಗೆ ಹರಕೆ ಹೊತ್ತ ಮೇಲೆ ಸತ್ಯವ್ವನ ಹೊಟ್ಟೆ ತುಂಬಿತು. ತವರಿಗೆ ಬಂದು ಹೆಣ್ಣು ಹಡೆದಳು. ಕೂಸು ಕೆಂಪಗೆ, ಗುಂಡಗೆ, ಅಳುವುದರಲ್ಲಿ ಅಜ್ಜಿಯನ್ನೇ ಮೀರಿಸುವಂತಿತ್ತು. ಕೂಸಿನ ಮುಖ ನೋಡಿದ ಕೂಡಲೇ ಸಕ್ರವ್ವ ಒಂದು ನಿಶ್ಚಯ ಮಾಡಿದಳು. ತೊಟ್ಟಿಲಿಗೆ ಹಾಕುವ ದಿನ ಬೀಗರು ಬರುತ್ತಾರೆ. ಅವತ್ತು ಮೊಮ್ಮಗಳ ಕೆಳಗೆ ಎಂಥ ಗಾದಿ ಇರಬೇಕೆಂದರೆ, ರಂಗವ್ವ ಅದನ್ನು ಒತ್ತಿ ನೋಡಬೇಕು, ಒತ್ತಿದ ಕೈ ಒಳಗೇ ಹೋಗಬೇಕು, ಬಾಯಿ ಅಲ್ಲೇ ಮುಚ್ಚಬೇಕು.

ಗಾದಿ ಮಾಡುವವರಿಗೇನು ಬರವೇ? ಪಕ್ಕದ ಮನೆಯೇ ಪಿಂಜಾರ ಚಮನಸಾಬನದು. ಬೆಳಿಗ್ಗೆ ಬಿಲ್ಲಿಗೆ ಹತ್ತಿ ಕೊಟ್ಟು ಹಿಂಜಲು ಕೂತನೆಂದರೆ ಟುಂಯ್ ಟುಂಯ್ ಎಂಬ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಆ ಸದ್ದಿಗೆ ಓಣಿಯ ಕೂಸುಗಳು ಮಲಗುತ್ತಿದ್ದವು, ಸದ್ದು ನಿಂತರೆ ಏಳುತ್ತಿದ್ದವು. ಹೆಂಡತಿ ಮೌಲಾಬಿ ಗಾದಿ ಹೊಲಿಯುವುದರಲ್ಲಿ ಎತ್ತಿದ ಕೈ. ಸಕ್ರವ್ವನಿಗೂ ಮೌಲಾಬಿಗೂ ಒಂದೇ ವಾರಿಗೆ. ಇವರ ಮನೆಯ ಮಜ್ಜಿಗೆ ಅವರ ಮನೆಗೆ, ಅವರ ಹಬ್ಬದ ಸುರಕುಂಬಾ ಪಾಯಸ ಇವರ ಮನೆಗೆ ಗೋಡೆಯ ಮೇಲಿಂದಲೇ ದಾಟುತ್ತಿತ್ತು.

ಸಕ್ರವ್ವ ಹೋಗಿ ಮೊಳ ಎತ್ತರದ, ಬೆಣ್ಣೆಯಷ್ಟು ಮೆತ್ತಗಿನ ಗಾದಿ ಬೇಕೆಂದಳು. ಚಮನಸಾಬ ತಲೆ ಅಲ್ಲಾಡಿಸಿದ. ಎಳೆಕೂಸಿಗಾದರೆ ತಾನು ಜವಾರಿ ಹತ್ತಿಯನ್ನು ಒತ್ತೊತ್ತಿ ತುಂಬಿ, ಮೇಲೆ ಕೋಲಿನಿಂದ ಬಡಿದು, ಒತ್ತೊತ್ತಾಗಿ ಹೊಲಿಗೆ ಹಾಕಿಸಿ, ನಾಲ್ಕು ಬೆರಳು ದಪ್ಪದ್ದು ಮಾತ್ರ ಮಾಡುವುದಾಗಿ ಹೇಳಿದ. ಕೂಲಿಯ ಬದಲು ಒಂದಿಷ್ಟು ಉಣ್ಣೆ ಕೊಟ್ಟರೆ ಸಾಕು, ಮೇಲುಬಟ್ಟೆಗೆ ಮನೆಯಲ್ಲಿನ ತೊಳೆದ ಹಳೆಯ ಸೀರೆ ಆದರೂ ನಡೆಯುತ್ತದೆ ಎಂದ.

"ಗಾದಿ ಕೇಳಿದ್ರ ಹಲಗಿ ಕೊಡ್ತೀ ಏನೋ ಚಮನಣ್ಣಾ," ಎಂದಳು ಸಕ್ರವ್ವ.

ಒಳಗಿನಿಂದ ಮೌಲಾಬಿ ಬಂದಳು. ಎಳೆಕೂಸಿಗೆ ಮೆತ್ತಗಿನದು ಬೇಡ ಎಂದು ಅವಳೂ ಅಂದಳು. ಯಾಕೆ ಬೇಡ ಎಂದು ಸಕ್ರವ್ವ ಕೇಳಿದ್ದಕ್ಕೆ ಮೌಲಾಬಿ ಬಾಯಿ ತೆರೆದವಳು ಮತ್ತೆ ಮುಚ್ಚಿದಳು. ನಡುವಿನ ಗೋಡೆಯಾಚೆ ಹಸಿ ಬಾಣಂತಿ ಮಲಗಿದ್ದಾಳೆ, ಪಕ್ಕದಲ್ಲಿ ಹಸುಗೂಸು. ಬಾಣಂತಿಯ ಕಿವಿಗೆ ಬೀಳುವಂತೆ ಕೆಟ್ಟ ಮಾತು ಆಡಬಾರದು ಎಂಬುದು ನಮ್ಮ ಕಡೆಯ ರೂಢಿ. ಹಿಂದೂಗಳಿರಲಿ, ಮುಸಲ್ಮಾನರಿರಲಿ, ಈ ವಿಷಯದಲ್ಲಿ ಎಲ್ಲರದೂ ಒಂದೇ. ಮೌಲಾಬಿ ಹೇಳಬೇಕೆಂದಿದ್ದ ಮಾತಿನೊಳಗೆ ಸಾವಿತ್ತು. ಹಾಗಾಗಿ ಆ ಮಾತನ್ನು ನುಂಗಿಕೊಂಡು, "ಛಲೋ ಅಲ್ಲವ್ವಾ, ನನ್ನ ಮಾತು ಕೇಳು," ಎಂದಷ್ಟೇ ಅಂದಳು.

ಛಲೋ ಅಲ್ಲ ಎಂದರೆ ಯಾರಾದರೂ ಕೇಳುತ್ತಾರೆಯೇ? ಕಾರಣ ಹೇಳದ ಬುದ್ಧಿವಾದ ಉಪ್ಪಿಲ್ಲದ ಸಾರಿನಂತೆ, ಯಾರ ನಾಲಿಗೆಗೂ ಹತ್ತುವುದಿಲ್ಲ. ಸಕ್ರವ್ವನಿಗೆ ಸಿಟ್ಟೇ ಬಂತು. ಬಡವರ ಮನೆಯ ಕೂಸು ಗಟ್ಟಿ ಗಾದಿಯ ಮೇಲೇ ಮಲಗಬೇಕು, ಸಾಹುಕಾರರ ಕೂಸು ಮಾತ್ರ ಮೆತ್ತಗೆ ಮಲಗಬೇಕು ಎಂದು ಇವಳಿಗೂ ಅನಿಸುತ್ತಿರಬೇಕು ಎಂದುಕೊಂಡಳು. ಮೆತ್ತಗಿನ ಗಾದಿಗೆ ಬೇಕಾಗುವ ಬೂರುಗದ ಅರಳೆ ನಿಮ್ಮ ಹತ್ತಿರ ಇಲ್ಲ, ಗಿರಾಕಿ ಕೈ ತಪ್ಪುತ್ತದೆಂದು ಹೀಗೆ ಹೇಳುತ್ತೀರಿ ಎಂದು ಆಡಬಾರದ ಮಾತನ್ನು ಆಡಿ ಎದ್ದು ಬಂದಳು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಗುರಲಿಂಗಪ್ಪ ಕಂಬಳಿಗಳನ್ನು ಮಾರಲು ಬಂಡಿ ಕಟ್ಟಿಕೊಂಡು ಬಾಗಲಕೋಟೆಗೆ ಹೊರಟಿದ್ದ. ಬಾಣಂತಿಯ ಹತ್ತಿರ ತಂಗಿಯನ್ನು ಕೂರಿಸಿ ಸಕ್ರವ್ವನೂ ಬಂಡಿ ಹತ್ತಿದಳು. ಹತ್ತುವ ಮುಂಚೆ ಹಿತ್ತಲಿನ ಮೇಕೆಯನ್ನು ತಂದು ಬಂಡಿಯ ಹಿಂದೆ ಕಟ್ಟಿದಳು. ಮನೆಗೆ ಇದ್ದದ್ದು ಒಂದೇ ಹಾಲಿನ ಮೇಕೆ. ಬಾಣಂತಿಗೆ ಹಾಲು ಬರುತ್ತಿದ್ದದ್ದು ಅದರಿಂದಲೇ. ಗುರಲಿಂಗಪ್ಪ ಮೇಕೆಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಹಾಸಿಗಿ ಇದ್ದಷ್ಟ ಕಾಲ ಚಾಚಬೇಕಂತಾರ," ಎಂದ.

"ಕಾಲು ನನ್ನವಲ್ಲ, ನಿನ್ನ ಮೊಮ್ಮಗಳವು," ಎಂದಳು ಸಕ್ರವ್ವ.

ಗುರಲಿಂಗಪ್ಪ ಎತ್ತಿನ ಹಗ್ಗ ಹಿಡಿದ. ಬಂಡಿ ಹೊಡೆದ.

ಬಾಗಲಕೋಟೆಯ ಪೇಟೆಯಲ್ಲಿ ಒಬ್ಬ ವ್ಯಾಪಾರಿ ರೈಲಿನಲ್ಲಿ ತರಿಸಿದ ಗಾದಿಗಳನ್ನು ಸಾಲಾಗಿ ಇಟ್ಟಿದ್ದ. ಬೂರುಗದ ಅರಳೆ ತುಂಬಿದ ಒಂದು ಚಿಕ್ಕ ಗಾದಿಯನ್ನು ತೆಗೆದು, ಅದರ ಮೇಲೆ ಮುಷ್ಟಿ ಊರಿ, ಮೊಣಕೈತನಕ ಒಳಗೆ ಕಳಿಸಿ ತೋರಿಸಿದ. ಇದರ ಮೇಲೆ ಮಲಗಿದ ಕೂಸು ಅಳುವುದನ್ನೇ ಮರೆಯುತ್ತದೆ ಎಂದ. ಸಕ್ರವ್ವನಿಗೆ ಬೇಕಾದದ್ದು ಅದೇ ಮಾತು. ಗುರಲಿಂಗಪ್ಪ ಕಂಬಳಿ ಮಾರಿದ ದುಡ್ಡಿಗೆ ಕೈ ಹಾಕುವ ಮೊದಲೇ ಅವಳು ಮೇಕೆಯ ಹಗ್ಗ ಬಿಚ್ಚಿ ವ್ಯಾಪಾರಿಯ ಕೈಗೆ ಕೊಟ್ಟಿದ್ದಳು. ತಿರುಗಿ ಬರುವಾಗ ಗಾದಿ ಅವಳ ತೊಡೆಯ ಮೇಲಿತ್ತು. ಮೇಕೆ ಕೂಗಿದ್ದು ಪೇಟೆ ದಾಟುವವರೆಗೂ ಕೇಳುತ್ತಿತ್ತು. ಅವಳು ಆ ಕಡೆ ತಿರುಗಿ ನೋಡಲಿಲ್ಲ.

ಗಾದಿ ಮನೆಗೆ ಬಂದದ್ದನ್ನು ನೋಡಲು ಓಣಿಯವರೆಲ್ಲ ಬಂದರು. ಮೌಲಾಬಿಯೂ ಬಂದಳು. ಅಂಗೈ ಇಟ್ಟು ಒತ್ತಿದಳು. ಕೈ ಮಣಿಕಟ್ಟಿನವರೆಗೆ ಮುಳುಗಿತು. ಏನೋ ಹೇಳುವುದಕ್ಕೆ ಸಕ್ರವ್ವನ ಮುಖ ನೋಡಿದಳು, ಆಮೇಲೆ ಬಾಣಂತಿಯ ಕೋಣೆಯ ಕಡೆ ನೋಡಿದಳು, ಸುಮ್ಮನೆ ಎದ್ದು ಹೋದಳು. ಹೊಟ್ಟೆಕಿಚ್ಚು ಇರಬೇಕು ಎಂದುಕೊಂಡಳು ಸಕ್ರವ್ವ. ಅದಾದ ಮೇಲೆ ಒಂದೆರಡು ಮಧ್ಯಾಹ್ನ ಚಮನಸಾಬನ ಬಿಲ್ಲು ಬಹಳ ಹೊತ್ತು ಸದ್ದು ಮಾಡಿತು, ಕೋಲಿನಿಂದ ದಪದಪ ಬಡಿಯುವುದೂ ಕೇಳಿಸಿತು. ಯಾರದೋ ಮದುವೆಯ ಗಾದಿ ಇರಬೇಕು ಎಂದು ಅವಳು ಅದರ ಕಡೆ ಲಕ್ಷ್ಯ ಕೊಡಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಬಂತು. ಬೀಗರ ಬಂಡಿ ಹೊತ್ತೇರುವಷ್ಟರಲ್ಲಿ ಬಂದು ನಿಂತಿತು. ರಂಗವ್ವ ಬಾಣಂತಿಗೆ ಅಂಟಿನುಂಡಿ ತಂದಿದ್ದಳು, ಮೊಮ್ಮಗಳಿಗೆ ಗುಳೇದಗುಡ್ಡದ ಖಣದ ಕುಲಾವಿ ತಂದಿದ್ದಳು. ನಾಲಿಗೆ ಚುರುಕಾದರೂ ಕೈ ಜಿಪುಣ ಅಲ್ಲ. ಕಾಲು ತೊಳೆದುಕೊಂಡು ಒಳಗೆ ಬಂದವಳೇ ನಡುಮನೆಯ ತೊಲೆಗೆ ಕಟ್ಟಿದ್ದ ಬಣ್ಣದ ತೊಟ್ಟಿಲ ಹತ್ತಿರ ಹೋದಳು. ಗಾದಿ ತೊಟ್ಟಿಲಿನ ಅಂಚಿನವರೆಗೂ ಉಬ್ಬಿ ಕೂತಿತ್ತು. ರಂಗವ್ವ ಒತ್ತಿದಳು. ಕೈ ಒಳಗೆ ಹೋಯಿತು. ಹುಬ್ಬು ಮೇಲೇರಿತು.

"ಈ ಸಲ ಬೀಗತಿ ಕೈ ಬಿಚ್ಯಾಳ," ಎಂದಳು.

ಅಷ್ಟೇ ಅಂದದ್ದು. ಆದರೆ ಸಕ್ರವ್ವನಿಗೆ ಗಂಟಲಿನ ಮುಳ್ಳು ಕರಗಿ ಇಳಿದುಹೋದಂತಾಯಿತು. ಹೋದ ಮೇಕೆಯ ದುಃಖವೂ ಆ ಗಳಿಗೆಯಲ್ಲಿ ಮರೆತುಹೋಯಿತು.

ಕೂಸನ್ನು ತೊಟ್ಟಿಲಿಗೆ ಹಾಕುವ ಮುಂಚೆ ನಮ್ಮಲ್ಲಿ ಗುಂಡಪ್ಪನನ್ನು ಹಾಕುತ್ತಾರಲ್ಲ, ಅವತ್ತೂ ಹಾಗೇ. ಅರೆಯುವ ಗುಂಡುಕಲ್ಲನ್ನು ತೊಳೆದು, ಕಾಡಿಗೆಯಿಂದ ಕಣ್ಣು, ಮೂಗು, ಬಾಯಿ ಬರೆದು, ತಲೆಗೆ ಕುಲಾವಿ ಕಟ್ಟಿ, ಅಂಗಿ ಸುತ್ತಿದರು. ಈ ಕಲ್ಲಿನ ಹಾಗೆ ಕೂಸೂ ಗಟ್ಟಿಯಾಗಲಿ ಎಂದು ಹೆಂಗಸರು ತೊಟ್ಟಿಲಿನ ಕೆಳಗಿನಿಂದ, ಮೇಲಿನಿಂದ ಅದನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಿದರು. ಕೊನೆಗೆ ಸಕ್ರವ್ವ ಗುಂಡಪ್ಪನನ್ನು ಗಾದಿಯ ಮೇಲೆ ಮಲಗಿಸಿ ಒಮ್ಮೆ ತೂಗಿದಳು.

ಗುಂಡಪ್ಪ ಮುಳುಗಿದ. ಗಾದಿಯ ಎರಡೂ ಬದಿ ಮೇಲೆದ್ದು ಅವನನ್ನು ಒಳಗೆ ಎಳೆದುಕೊಂಡವು. ಕುಲಾವಿಯ ತುದಿ ಒಂದೇ ಕಾಣುತ್ತಿತ್ತು.

ಹೆಂಗಸರು ಗೊಳ್ಳೆಂದು ನಕ್ಕರು. ಗುಂಡಪ್ಪನಿಗೇ ಇಂಥ ನಿದ್ದೆ ಹತ್ತಿತು, ಇನ್ನು ಕೂಸು ಏಳುವುದುಂಟೇ ಎಂದು ಒಬ್ಬಳು ಅಂದಳು. ಸಕ್ರವ್ವನೂ ನಗುತ್ತ ಕೈ ಹಾಕಿ ಕಲ್ಲನ್ನು ಹುಡುಕಿದಳು. ಅಂಗಾತ ಮಲಗಿಸಿದ್ದ ಗುಂಡಪ್ಪ ತೂಗಿದ ಒಂದೇ ತೂಗಿಗೆ ಬೋರಲಾಗಿ ಬಿದ್ದಿದ್ದ. ಎತ್ತಿ ನೋಡಿದರೆ ಮುಖದ ಕಾಡಿಗೆ ಅರ್ಧ ಅಳಿಸಿತ್ತು. ಅದೆಲ್ಲ ಗಾದಿಯ ಕುಳಿಯೊಳಗೆ ಹತ್ತಿಕೊಂಡಿತ್ತು. ಬಿಳಿ ಬಟ್ಟೆಯ ಮೇಲೆ ಕಪ್ಪು ಮೂಗು, ಕಪ್ಪು ಬಾಯಿ.

ಸಕ್ರವ್ವನ ನಗು ನಿಂತಿತು. ಯಾಕೆ ನಿಂತಿತೆಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ.

ಕಲ್ಲು ಭಾರ, ಅದಕ್ಕೇ ಮುಳುಗಿತು, ಕೂಸು ಹೂವಿನಷ್ಟು ಹಗುರ ಎಂದು ರಂಗವ್ವ ಸಮಾಧಾನ ಹೇಳಿದಳು. ಹೇಳಿದ್ದರಲ್ಲಿ ಅರ್ಥವೂ ಇತ್ತು. ಹೌದು ಹೌದು ಎಂದರು ಉಳಿದವರು. ಕೂಸನ್ನು ತರಲು ಒಬ್ಬಳು ಕೋಣೆಗೆ ಹೊರಟಳು. ಆಗ ಹೊಸ್ತಿಲ ಹತ್ತಿರ ನಿಂತಿದ್ದ ಮೌಲಾಬಿ ಮುಂದೆ ಬಂದಳು. ಅಷ್ಟು ದಿನ ಸರಿಯಾಗಿ ಮಾತೂ ಆಡಿಸದ ಸಕ್ರವ್ವನ ಭುಜದ ಮೇಲೆ ಕೈ ಇಟ್ಟಳು.

"ಸಕ್ರವ್ವಾ, ಕೂಸಿನ್ನ ಹಾಕೂ ಮೊದಲ ನಿನ್ನ ಮಾರಿ ಇಟ್ಟು ನೋಡು. ಇವರು ಒಂದ ಹಾಡು ಹಾಡ್ಲಿ. ಹಾಡು ಮುಗಿಯೂತನಕ ತಲಿ ಎತ್ತಬ್ಯಾಡ."

ಎಲ್ಲರಿಗೂ ಇದು ವಿಚಿತ್ರವೆನಿಸಿತು. ಶುಭಕಾರ್ಯದ ನಡುವೆ ಇದೆಂಥ ಆಟ ಎಂದು ಗೊಣಗಿದರು. ಸಕ್ರವ್ವನಿಗೂ ಬಾಯಿ ತುದಿಗೆ ಒಂದು ಮಾತು ಬಂದಿತ್ತು. ಆದರೆ ಆ ಕಪ್ಪು ಮೂಗು, ಕಪ್ಪು ಬಾಯಿ ಗಾದಿಯ ಕುಳಿಯಿಂದ ಅವಳನ್ನೇ ನೋಡುತ್ತಿದ್ದವು. ಅವಳು ಬಗ್ಗಿದಳು. ಅದರ ಮೇಲೆಯೇ ತನ್ನ ಮುಖ ಇಟ್ಟಳು.

ಮೊದಲ ಉಸಿರಿಗೆ ಹೊಸ ಬಟ್ಟೆಯ ವಾಸನೆ ಬಂತು. ಹಿತವಾಗಿಯೇ ಇತ್ತು. ಆಮೇಲಿನ ಉಸಿರಿಗೆ ಬೆಚ್ಚಗಾಯಿತು. ಅದರ ಮುಂದಿನದಕ್ಕೆ ತಾನು ಬಿಟ್ಟ ಉಸಿರೇ ತಿರುಗಿ ಮೂಗಿಗೆ ಬಂತು. ಬಟ್ಟೆ ಹೊಳ್ಳೆಗಳಿಗೆ ಅಂಟಿಕೊಂಡಿತು. ಮುಖ ಪಕ್ಕಕ್ಕೆ ಹೊರಳಿಸಿದಳು, ಅಲ್ಲಿಯೂ ಅರಳೆಯ ಗೋಡೆ. ಹಾಡು ಇನ್ನೂ ಎರಡನೆಯ ಸಾಲಿನಲ್ಲೇ ಇತ್ತು. ಎದೆಯೊಳಗೆ ಏನೋ ಒದ್ದಂತಾಯಿತು. ಸಕ್ರವ್ವ ತಲೆ ಎತ್ತಿಬಿಟ್ಟಳು.

ತನ್ನ ಕುತ್ತಿಗೆ ಗಟ್ಟಿ, ತಲೆ ಎತ್ತಲಾಯಿತು. ಕುತ್ತಿಗೆಯೇ ನಿಲ್ಲದ ಕೂಸು ಏನು ಮಾಡೀತು? ಕೂಗಬೇಕೆಂದರೂ ಬಾಯಿ ಅರಳೆಯೊಳಗೆ. ಅಳುವುದನ್ನೇ ಮರೆಯುತ್ತದೆ ಎಂದಿದ್ದನಲ್ಲ ವ್ಯಾಪಾರಿ. ಆ ಮಾತು ಈಗ ಸಕ್ರವ್ವನಿಗೆ ನೆನಪಾಯಿತು.

ಆದರೆ ಸುತ್ತ ಬೀಗರು ನಿಂತಿದ್ದಾರೆ. ಎದುರಿಗೆ ರಂಗವ್ವ. ಈ ಗಾದಿಯನ್ನು ತೆಗೆದರೆ ತೊಟ್ಟಿಲಲ್ಲಿ ಉಳಿಯುವುದು ಬರೀ ಹಲಗೆ. ಆಮೇಲೆ ಸಾಯುವವರೆಗೂ ಹುನಗುಂದದ ಹತ್ತಿರದ ಆ ಊರಿನಲ್ಲಿ ಒಂದೇ ಮಾತು, ಮದುವೆಗೆ ಕೌದಿ ಕೊಟ್ಟವಳು, ತೊಟ್ಟಿಲಿಗೆ ಅದನ್ನೂ ಕೊಡಲಿಲ್ಲ ಎಂದು. ಹಾಲಿನ ಮೇಕೆಯನ್ನೇ ಕೊಟ್ಟು ತಂದದ್ದು ಈ ಮಾತನ್ನು ಅಳಿಸುವುದಕ್ಕಾಗಿ ಅಲ್ಲವೇ? ಸಕ್ರವ್ವ ಒಂದು ಗಳಿಗೆ ತೊಟ್ಟಿಲಿನ ಹಗ್ಗ ಹಿಡಿದು ನಿಂತಳು. ಒಳಗಿನ ಕೋಣೆಯಲ್ಲಿ ಕೂಸು ಅತ್ತಿತು. ಆ ಅಳು ಎಷ್ಟು ಚೆಂದ ಇದೆ ಎಂದು ಅವಳಿಗೆ ಅವತ್ತೇ ತಿಳಿದದ್ದು. ಎರಡೂ ಕೈಯಿಂದ ಗಾದಿಯನ್ನು ಬಾಚಿ ಎತ್ತಿ ಮೂಲೆಗೆ ಹಾಕಿದಳು.

"ಮತ್ತೇನ ಹಾಸ್ತಿ, ಬೀಗತಿ?" ಎಂದಳು ರಂಗವ್ವ.

ಸಕ್ರವ್ವನಿಗೆ ಉತ್ತರ ಗೊತ್ತಿರಲಿಲ್ಲ. ಮೌಲಾಬಿಗೆ ಗೊತ್ತಿತ್ತು. ಅವಳು ಮನೆಗೆ ಹೋಗಿ ಹಸಿರು ಬಟ್ಟೆಯಲ್ಲಿ ಸುತ್ತಿದ ಒಂದು ಚಿಕ್ಕ ಗಾದಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಒಂದೆರಡು ಮಧ್ಯಾಹ್ನ ಬಿಲ್ಲು ಮಿಡಿದದ್ದು, ಕೋಲು ಬಡಿದದ್ದು ಯಾರಿಗಾಗಿ ಎಂಬುದು ಆಗ ಸಕ್ರವ್ವನಿಗೆ ತಿಳಿಯಿತು. ತಾನು ಅಂದ ಮಾತೆಲ್ಲ ನೆನಪಾಗಿ ಮುಖ ಎತ್ತಲಾಗಲಿಲ್ಲ. ಮೌಲಾಬಿ ಅದನ್ನು ಕಂಡೂ ಕಾಣದವಳಂತೆ ಗಾದಿ ಹಾಸಿದಳು. ತೊಟ್ಟಿಲಿನ ಅಳತೆಗೆ ಸರಿಯಾಗಿ ಇತ್ತು. ಬದಿಗಳಲ್ಲಿ ಕೂಸಿನ ಕೈ ಸಿಕ್ಕಿಬೀಳುವಷ್ಟೂ ಸಂದು ಇರಲಿಲ್ಲ. ಗುಂಡಪ್ಪನನ್ನು ಮತ್ತೆ ಇಟ್ಟು ತೂಗಿದರು. ಅವನು ಗಾದಿಯ ಮೇಲೆಯೇ, ಅಳಿಸಿದ ಮುಖವನ್ನು ಮೇಲೆ ಮಾಡಿಕೊಂಡೇ ಉಳಿದ.

ರಂಗವ್ವ ಒತ್ತಿ ನೋಡಿದಳು. ಬೆರಳು ಇಳಿಯಲಿಲ್ಲ. ತುಟಿಯ ಮೂಲೆಯಲ್ಲಿ ಹಳೆಯ ನಗು ಬರತೊಡಗಿತು.

"ನಗ್ರಿ ಬೀಗತಿ, ನಾ ಬ್ಯಾಡ ಅನ್ನೂದಿಲ್ಲ," ಎಂದಳು ಸಕ್ರವ್ವ. "ಆದ್ರ ಮೂಲ್ಯಾಗಿನ ಗಾದಿಯೊಳಗ ಒಮ್ಮೆ ಮಾರಿ ಇಟ್ಟು ಬಂದು ನಗ್ರಿ. ನಮ್ಮ ಮಾನ ಹೋದ್ರ ಹೋಗಲಿ. ಮೊಮ್ಮಗಳು ನಮ್ಮಿಬ್ಬರಿಗೂ ಸೇರಿದಾಕಿ."

ರಂಗವ್ವ ಹಟಮಾರಿ. ಸವಾಲು ಹಾಕಿದರೆ ಬಿಡುವವಳಲ್ಲ. ಸೆರಗು ಸಿಕ್ಕಿಸಿ ಮೂಲೆಗೆ ಹೋದಳು, ಮಂಡಿಯೂರಿ ಗಾದಿಯಲ್ಲಿ ಮುಖ ಇಟ್ಟಳು. ಯಾರೂ ಹಾಡಲಿಲ್ಲ. ಸ್ವಲ್ಪ ಹೊತ್ತಿಗೆ ತಲೆ ಎತ್ತಿದಳು. ಹಣೆಯ ಕುಂಕುಮ ಮೂಗಿನ ಮೇಲೆ ಇಳಿದಿತ್ತು. ನಗಲಿಲ್ಲ. ಕೂಸನ್ನು ತರಲು ಹೇಳಿದಳು. ಬೀರಪ್ಪನ ತಂಗಿಯ ಹೆಸರನ್ನೇ, ಮಾಯವ್ವ ಎಂದು, ಕೂಸಿನ ಕಿವಿಯಲ್ಲಿ ಕರೆದರು. ಅಂಗಾತ ಮಲಗಿಸಿ ತೂಗಿದರು. ಮಾಯವ್ವ ಗಟ್ಟಿ ಗಾದಿಯ ಮೇಲೆ ಕಾಲು ಬಡಿದು, ಆಕಳಿಸಿ, ನಿದ್ದೆ ಮಾಡಿತು.

ಊಟವಾದ ಮೇಲೆ ಸಕ್ರವ್ವ ಮೌಲಾಬಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಮೇಕೆಯ ಗೂಟ ಬರಿದಾಗಿ ನಿಂತಿತ್ತು. ಇಷ್ಟು ದಿನ ಯಾಕೆ ಬಾಯಿಬಿಟ್ಟು ಹೇಳಲಿಲ್ಲ ಎಂದು ಕೇಳಿದಳು. ಬಾಣಂತಿಯ ಕಿವಿಗೆ ಬೀಳಬಾರದೆಂದು ಹೇಳಲಿಲ್ಲ ಎಂದು ಮೌಲಾಬಿ ಆಗ ಹೇಳಿದಳು. ಬಹಳ ಹಿಂದೆ ಚಮನಸಾಬ ಒಂದು ದೊಡ್ಡ ಮನೆಗೆ ಹೀಗೇ ಮೆತ್ತಗಿನ ಗಾದಿ ಮಾಡಿ ಕೊಟ್ಟಿದ್ದ. ತನ್ನ ಕೈಯ ಅರಳೆ ಮೋಡದ ಹಾಗೆ ಉಬ್ಬುತ್ತದೆ ಎಂದು ಅವನಿಗೆ ಆಗ ಬಹಳ ಹೆಮ್ಮೆ. ಹಾಲುಂಡು ಮಲಗಿದ ಆ ಮನೆಯ ಕೂಸು ಮತ್ತೆ ಏಳಲಿಲ್ಲ. ಜ್ವರ ಇರಲಿಲ್ಲ, ವಾಂತಿ ಇರಲಿಲ್ಲ. ಗಾದಿಯ ಕುಳಿಯಲ್ಲಿ ಮುಖ ಹುದುಗಿತ್ತು. ಮನೆಯವರು ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅವನೇ ಎಷ್ಟೋ ದಿನ ಬಿಲ್ಲು ಮುಟ್ಟಲಿಲ್ಲ. ಅವತ್ತಿನಿಂದ ಎಳೆಕೂಸಿನ ಗಾದಿ ಎಂದರೆ ಕೋಲಿನಿಂದ ಬಡಿದು ಚಪ್ಪಟೆ ಮಾಡುತ್ತಾನೆ. ಜನ ಹಲಗೆ ಎಂದು ನಗುತ್ತಾರೆ, ಅವನು ನಗಿಸಿಕೊಳ್ಳುತ್ತಾನೆ.

ಹಿಂದೆ ಯಾರೋ ನಿಂತಂತಾಯಿತು. ರಂಗವ್ವ ಕೈ ತೊಳೆಯಲು ಬಂದವಳು ಬಾಗಿಲಲ್ಲೇ ನಿಂತಿದ್ದಳು.

"ಆ ಕೂಸು ಬೋರಲ ಇತ್ತೇನು?" ಎಂದು ಕೇಳಿದಳು.

"ಹೌದ್ರಿ ಅವ್ವಾ."

ರಂಗವ್ವ ಹಿತ್ತಲ ಕಟ್ಟೆಯ ಮೇಲೆ ಕೂತಳು. ಸೆರಗು ಬಾಯಿಗೆ ಹೋಯಿತು. "ನನ್ನ ಚೊಚ್ಚಲ ಕೂಸೂ ಬೋರಲ ಇತ್ತು. ನಮ್ಮವ್ವ ಕೊಟ್ಟಿದ್ದ ಮೆತ್ತನ ಗಾದಿ. ದೃಷ್ಟಿ ತಾಕೇತಿ ಅಂದ್ರು ಎಲ್ಲಾರೂ. ಹಿಂದಿನ ದಿನ ನನ್ನ ನೆಗೆಣ್ಣಿ, ನಮ್ಮ ಮೈದುನನ ಹೆಂಡ್ತಿ, ಬಂದು ಎಷ್ಟ ಚೆಂದ ಐತಿ ಕೂಸು ಅಂದಿದ್ಲು. ಆಕೀ ಕಣ್ಣ ತಾಕೇತಿ ಅಂತ ಇವತ್ತಿನ ತನಕ ಆಕೀ ಮನೀ ಹೊಸ್ತಿಲ ತುಳದಿಲ್ಲ ನಾ."

ಸಕ್ರವ್ವನಿಗೆ ಈ ರಂಗವ್ವ ಯಾರೆಂದೇ ಗುರುತು ಹತ್ತಲಿಲ್ಲ. ಇಷ್ಟು ವರ್ಷ ಯಾರ ನಗೆಗೆ ಹೆದರಿದಳೋ ಅವಳು ಎದುರಿಗೆ ಕೂತು ಮಕ್ಕಳಂತೆ ಅಳುತ್ತಿದ್ದಳು. ಹಾಗಾದರೆ ನಾನೇ ಕೊಂದೆನೇ, ನಮ್ಮವ್ವನೇ ಕೊಂದಳೇ ಎಂದು ಕೇಳುತ್ತಿದ್ದಳು. ಮೌಲಾಬಿ ಪಕ್ಕದಲ್ಲಿ ಕೂತು ಅವಳ ಒದ್ದೆ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡಳು.

"ಯಾರೂ ಕೊಲ್ಲಲಿಲ್ಲವ್ವಾ. ಪ್ರೀತೀಲೆ ಹಾಸಿದ್ರಿ. ಅದರಾಗ ಏನೈತಿ ಅಂತ ಯಾರೂ ನಿಮಗ ಹೇಳಿರಲಿಲ್ಲ. ಹೇಳಬೇಕಾದವರು ನಮ್ಮಂಗ ಬಾಯಿ ಮುಚಿಗೊಂಡು ಕೂತಿದ್ರು."

ಹೊತ್ತು ಇಳಿಯುವ ಮುಂಚೆ ಬೀಗರ ಬಂಡಿ ಹೊರಟಿತು. ಬಂಡಿ ಹತ್ತುವ ಮುಂಚೆ ರಂಗವ್ವ ಚಮನಸಾಬನ ಮನೆಗೆ ಹೋಗಿ, ತನ್ನ ನೆಗೆಣ್ಣಿಯ ಸೊಸೆಗೆ ಈಗ ದಿನ ತುಂಬುತ್ತಿದೆ, ಅವಳ ಕೂಸಿಗೂ ಇಂಥದೇ ಒಂದು ಹಲಗೆಯಂಥ ಗಾದಿ ಬೇಕು ಎಂದಳು. ತಾನೇ ಹೋಗಿ ಆ ಮನೆಗೆ ಕೊಟ್ಟು ಬರುವುದಾಗಿಯೂ ಹೇಳಿದಳು.

ಮೇಕೆ ತಿರುಗಿ ಬರಲಿಲ್ಲ. ಬಾಣಂತಿಗೆ ಹಾಲು ಮೌಲಾಬಿಯ ಮನೆಯಿಂದ ಗೋಡೆಯ ಮೇಲೆ ದಾಟಿ ಬಂತು. ಚಮನಸಾಬ ಬೂರುಗದ ಗಾದಿಯನ್ನು ಬಿಚ್ಚಿ ಗುರಲಿಂಗಪ್ಪನಿಗೆ ಒಂದು ಲೋಡು ಮಾಡಿ ಕೊಟ್ಟ. ಅವನು ಅದಕ್ಕೆ ಒರಗಿ ಕೂತಾಗಲೆಲ್ಲ, ನಾನು ಮೇಕೆಗೆ ಒರಗಿದ್ದೇನೆ ಎಂದು ಹೆಂಡತಿಯನ್ನು ಕಾಡಿಸುತ್ತಿದ್ದ. ಮಾಯವ್ವ ಅದೇ ಚಿಕ್ಕ ಗಾದಿಯ ಮೇಲೆ ಹೊರಳಿ, ಬೋರಲು ಬಿದ್ದು, ತಾನೇ ತಲೆ ಎತ್ತಿ ನಕ್ಕ ದಿನ ಸಕ್ರವ್ವ ಓಣಿಗೆಲ್ಲ ಬೆಲ್ಲ ಹಂಚಿದಳು.

ಅಕ್ಕಂದಿರೇ, ಅಮ್ಮಂದಿರೇ, ಅಜ್ಜಿಯರೇ. ಈಗ ಪಿಂಜಾರರ ಬಿಲ್ಲಿನ ಸದ್ದು ಕಡಿಮೆಯಾಗಿದೆ. ಅಂಗಡಿಯಲ್ಲಿ ಬಣ್ಣಬಣ್ಣದ ಗಾದಿಗಳು ಬಂದಿವೆ, ಮೇಲೆ ಮೊಲದ ಚಿತ್ರ, ಒಳಗೆ ಮೆತ್ತಗಿನ ಫೋಮು. ಬೆಲೆ ಹೆಚ್ಚಾದಷ್ಟೂ ಪ್ರೀತಿ ಹೆಚ್ಚು ಎಂದು ವ್ಯಾಪಾರಿ ಇವತ್ತಿಗೂ ಹೇಳುತ್ತಾನೆ. ನಂಬಬೇಡಿ. ವರ್ಷ ತುಂಬದ ಕೂಸಿಗೆ ಬೇಕಾದದ್ದು ಗಟ್ಟಿಯಾದ, ಸಮನಾದ, ತೊಟ್ಟಿಲಿಗೆ ಸಂದಿಲ್ಲದಂತೆ ಕೂರುವ ತೆಳು ಗಾದಿ. ಅದು ದುಬಾರಿಯಲ್ಲ. ಮನೆಯ ಹತ್ತಿಯಲ್ಲೇ ಒತ್ತಿ ತುಂಬಿಸಿದರೂ ಆದೀತು. ಯಾರು ಮಲಗಿ ಬಿಟ್ಟದ್ದೋ ಗೊತ್ತಿಲ್ಲದ ಹಳೆಯ ಗಾದಿ ಮಾತ್ರ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಆಗಾಗ ಬಿಸಿಲಿಗೆ ಹಾಕಿ, ಒದ್ದೆಯಾದರೆ ಪೂರ್ತಿ ಒಣಗಿಸಿ. ಕೂಸನ್ನು ಯಾವಾಗಲೂ ಅಂಗಾತ ಮಲಗಿಸಿ. ತಲೆದಿಂಬು ಬೇಡ, ಮುಖದ ಹತ್ತಿರ ದಪ್ಪ ಕೌದಿ, ಗೊಂಬೆ ಬೇಡ. ಮಲಗಿದ ಕೂಸು ಏಳದೇ ಹೋಗುವುದಕ್ಕೆ ಗಾದಿ ಒಂದೇ ಕಾರಣವಲ್ಲ, ಹಾಗೆಂದು ಕಳೆದುಕೊಂಡ ತಾಯಿಯ ಕಡೆ ಬೆರಳು ತೋರಿಸಬೇಡಿ. ಅನುಮಾನ ಇದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕನನ್ನು ಕೇಳಿ, ದವಾಖಾನೆಯಲ್ಲಿ ಕೇಳಿ.

ಇನ್ನೊಂದು ಮಾತು. ನಿಮಗೆ ಇದು ಗೊತ್ತಿದ್ದರೆ, ಬಾಣಂತಿಯ ಮನೆ ಎಂದು ಬಾಯಿ ಮುಚ್ಚಿಕೊಂಡು ಬರಬೇಡಿ. ಈ ಮಾತು ಬೇಕಾದದ್ದು ಆ ಮನೆಗೇ. ಹೇಳಲು ನಾಲಿಗೆ ಏಳದಿದ್ದರೆ ಮೌಲಾಬಿ ಹೇಳಿದಷ್ಟನ್ನೇ ಹೇಳಿ. ಮೊದಲು ನಿಮ್ಮ ಮುಖ ಇಟ್ಟು ನೋಡಿ, ಆಮೇಲೆ ಕೂಸನ್ನು ಮಲಗಿಸಿ.